ರೀಡಿಂಗ್ ಹೊಂದದಿದ್ದರೂ ಅಂಕ ಕೊಡಿ: ಪ್ರೌಢಶಾಲೆಯ ಭೌತವಿಜ್ಞಾನದ ಬಗ್ಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಆಯುಕ್ತರಿಗೆ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧ್ಯಕ್ಷರಿಗೆ, ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಹಾಗೂ ಎಂಟರಿಂದ ಹತ್ತನೇ ತರಗತಿಯ ಮಕ್ಕಳ ತಂದೆ-ತಾಯಂದಿರಿಗೆ,

ಮಾನ್ಯರೇ,

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇವೆ. ಎಸ್‌ಎಸ್‌ಎಲ್‌ಸಿ ವಿಜ್ಞಾನದ ನೂರು ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ರಲ್ಲಿ ಒಂದು ಪಾಲನ್ನು ಮಕ್ಕಳು ಪ್ರಯೋಗ ಮಾಡಿ ತಾವೇ ತೆಗೆದ, ತಿದ್ದದ ರೀಡಿಂಗ್‌ಗಳಿಗೆ ಮೀಸಲಿಡಿ. ಬಂದ ಉತ್ತರ ಪಠ್ಯಪುಸ್ತಕದಲ್ಲಿರುವ ಅಂಕಿಗೆ ಹೊಂದದಿದ್ದರೂ ಅಂಕ ಕೊಡಿ. ಯಾಕೆ ಹೊಂದಲಿಲ್ಲ ಎಂದು ಸರಿಯಾಗಿ ಬರೆದಿದ್ದರೆ ಇನ್ನೊಂದು ಹೆಚ್ಚಿಗೆ ಕೊಡಿ. ಲಿಖಿತ 80ರಲ್ಲಿ ಕನಿಷ್ಠ ಒಂದು ಪ್ರಶ್ನೆ ಪ್ರಯೋಗದ ಮೇಜಿನಿಂದಲೇ ಎದ್ದು ಬಂದ ಅಂಕಿಗಳ ಮೇಲೆ ಇರಲಿ. ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ ಕೊಡಿ. ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡು ಇವೆಲ್ಲ ಆಮೇಲೆ ಬರಲಿ; ಬಂದರೆ ಬೇಡವೆನ್ನುವುದಿಲ್ಲ.

ಇಷ್ಟು ಸಣ್ಣ ಬೇಡಿಕೆಗೆ ಇಷ್ಟುದ್ದದ ಪತ್ರ ಯಾಕೆಂದರೆ, "ಪ್ರಯೋಗ ಮಾಡಿಸಿ" ಎಂದು ಹೇಳುವವರಿಗೆ ಕೊರತೆಯಿಲ್ಲ. ಮೇಜಿನ ಮೇಲೆ ಏನಾಗುತ್ತದೆ, ಎಲ್ಲಿ ಕೈಕೊಡುತ್ತದೆ, ಯಾವ ಸಾಮಾನು ಬೇಕು ಎಂಬುದನ್ನು ಬಿಟ್ಟು ಬರೀ ಆದೇಶ ಬಂದರೆ ಅದು ಪ್ರಯೋಗ ಪುಸ್ತಕದ ದುಂಡು ಅಕ್ಷರದಲ್ಲಿ ಮುಗಿದುಹೋಗುತ್ತದೆ.

ಓಮ್‌ನ ನಿಯಮದ ಪುಟವನ್ನೇ ತೆಗೆದುಕೊಳ್ಳಿ: ತಾಪ ಬದಲಾಗದಿದ್ದರೆ ತಂತಿಯ ವೋಲ್ಟೇಜನ್ನು ಅದರ ಪ್ರವಾಹದಿಂದ ಭಾಗಿಸಿದಾಗ ಬರುವ ರೋಧವೂ ಬದಲಾಗದು ಎಂಬ ನಿಯಮ. ಒಂದು ಸೆಲ್‌ಗೆ 1.5 ವೋಲ್ಟ್, 0.15 ಆಂಪಿಯರ್, ಎರಡಕ್ಕೆ 3 ವೋಲ್ಟ್, 0.30, ಮೂರಕ್ಕೆ 4.5, 0.45, ನಾಲ್ಕಕ್ಕೆ 6, 0.60. ಗ್ರಾಫ್ ಹಾಳೆಯಲ್ಲಿ ನಾಲ್ಕೂ ಚುಕ್ಕೆ ಒಂದೇ ಗೆರೆಯ ಮೇಲೆ, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಮೀಟರ್ ಮುಟ್ಟಿದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಲೆಕ್ಕ ಹಾಕಿ ಬರೆದದ್ದು ಎಂದು. ಟಾರ್ಚ್ ಸೆಲ್ ಹಾಗೆಲ್ಲ ನಡೆದುಕೊಳ್ಳುವುದಿಲ್ಲ.

28 ಗೇಜ್ ನೈಕ್ರೋಮ್ ತಂತಿ, ಅಂದರೆ ಕರೆಂಟ್ ಒಲೆಯಲ್ಲಿ ಕಾಯುವ ಮಿಶ್ರಲೋಹದ ತಂತಿ, ಒಂದು ಮೀಟರಿಗೆ ಸುಮಾರು 10 ಓಮ್. ಹೊಸ ಸೆಲ್‌ನ ವೋಲ್ಟೇಜ್ ಏನೂ ಜೋಡಿಸದೆ ಅಳೆದರೆ 1.55ರ ಹತ್ತಿರ ಇರುತ್ತದೆ. ಸೆಲ್‌ಗೆ ತನ್ನದೇ ಆಂತರಿಕ ರೋಧ ಅರ್ಧ ಓಮ್ ಇದೆ ಎಂದಿಟ್ಟುಕೊಳ್ಳಿ. ಆಗ ತಂತಿಯ ಎರಡು ತುದಿಗಳ ನಡುವೆ ಒಂದು ಸೆಲ್‌ಗೆ 1.48 ವೋಲ್ಟ್, ಎರಡಕ್ಕೆ 2.82, ಮೂರಕ್ಕೆ 4.04, ನಾಲ್ಕಕ್ಕೆ 5.17 ಸಿಗುತ್ತದೆ. ಪ್ರವಾಹ 0.15, 0.28, 0.40, 0.52. ನಾಲ್ಕು ಸೆಲ್ ಹಾಕಿದರೂ 6 ವೋಲ್ಟ್ ಬರಲಿಲ್ಲ, ಆದರೂ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಪ್ರತಿ ಸಾಲಿನಲ್ಲೂ ಹತ್ತರ ಆಸುಪಾಸೇ ಬರುತ್ತದೆ. ನಿಯಮ ಇರುವುದು ಇಲ್ಲಿ: ಸೆಲ್ ಸೊರಗಿದರೂ ತಂತಿಯ ಲೆಕ್ಕ ತಪ್ಪುವುದಿಲ್ಲ. 1.5, 3, 4.5 ಎಂದು ನಕಲು ಮಾಡಿದ ಹುಡುಗಿಗೆ ಸೆಲ್ ಸೊರಗುತ್ತದೆ ಎಂಬುದೂ ಗೊತ್ತಾಗಲಿಲ್ಲ, ವೋಲ್ಟ್‌ಮೀಟರನ್ನು ತಂತಿಗೇ ಯಾಕೆ ಹಾಕಬೇಕು ಎಂಬುದೂ ಗೊತ್ತಾಗಲಿಲ್ಲ.

ನೈಕ್ರೋಮ್ ಸಿಗುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಎಲೆಕ್ಟ್ರಿಕಲ್ ರಿಪೇರಿ ಅಂಗಡಿಯಲ್ಲಿ ಕರೆಂಟ್ ಒಲೆಯ ಕಾಯಿಲ್ ಕೇಳಿ. 230 ವೋಲ್ಟ್, 1000 ವ್ಯಾಟ್‌ನ ಕಾಯಿಲ್ ಪೂರ್ತಿ ಸುಮಾರು 53 ಓಮ್ ಇರುತ್ತದೆ. ಸುತ್ತುಗಳನ್ನು ಎಣಿಸಿ ಐದು ಪಾಲು ಮಾಡಿ ಕತ್ತರಿಸಿದರೆ ಒಂದೊಂದು ತುಂಡು ಹತ್ತು ಓಮ್ ಚಿಲ್ಲರೆ. ಒಂದೇ ಕಾಯಿಲ್‌ನಿಂದ ಐದು ಗುಂಪಿನ ಕೆಲಸ ಆಗುತ್ತದೆ. ಬಳಸಿ ಬಿಟ್ಟ ಹಳೆಯ ಕಾಯಿಲ್ ಆದರೆ ಎರಡು ಎಚ್ಚರಿಕೆ. ಕಾದು ಕಾದು ಮೇಲೆ ಕಪ್ಪು ಪೊರೆ ಬಂದಿರುತ್ತದೆ, ತುದಿಗಳನ್ನು ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಬೇಕು, ಇಲ್ಲದಿದ್ದರೆ ಕ್ಲಿಪ್ ಅಲುಗಿದಾಗಲೆಲ್ಲ ಮುಳ್ಳು ಕುಣಿಯುತ್ತದೆ. ಎರಡನೆಯದು, ತಂತಿ ಪೆಡಸಾಗಿರುತ್ತದೆ. ಜಗ್ಗಿದರೆ ಪಟ್ಟನೆ ಮುರಿಯುತ್ತದೆ. ಸುತ್ತುಗಳು ಒಂದಕ್ಕೊಂದು ತಾಗದಷ್ಟು ಮಾತ್ರ ಬಿಡಿಸಿ ಮರದ ಪಟ್ಟಿಗೆ ಎರಡು ಮೊಳೆ ಹೊಡೆದು ಕಟ್ಟಿದರೆ ಸಾಕು.

ಸೆಲ್‌ನ ಪ್ಲಸ್‌ನಿಂದ ಸ್ವಿಚ್, ಅಲ್ಲಿಂದ ಪ್ರವಾಹ ಅಳೆಯುವ ಅಮ್ಮೀಟರಿನ ಪ್ಲಸ್, ಅಮ್ಮೀಟರಿನ ಮೈನಸ್‌ನಿಂದ ತಂತಿ, ತಂತಿಯಿಂದ ಸೆಲ್‌ನ ಮೈನಸ್. ಇಷ್ಟನ್ನು ಮೊದಲು ಪೂರ್ತಿ ಮಾಡಿ, ವೋಲ್ಟ್‌ಮೀಟರನ್ನು ಕೊನೆಗೆ ತಂತಿಯ ಎರಡು ತುದಿಗೆ ಸಿಕ್ಕಿಸಬೇಕು. ಈ ಕ್ರಮ ಪಾಲಿಸಿದರೆ ಅರ್ಧದಷ್ಟು ಗೊಂದಲ ಹುಟ್ಟುವುದೇ ಇಲ್ಲ. ವೋಲ್ಟ್‌ಮೀಟರನ್ನು ಸರಣಿಯಲ್ಲಿ ಹಾಕಿಬಿಟ್ಟರೆ ಅದು ಸೆಲ್‌ನ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಅಮ್ಮೀಟರ್ ಮಾತ್ರ ಸತ್ತಂತೆ ಸೊನ್ನೆಯಲ್ಲಿರುತ್ತದೆ; "ಅಮ್ಮೀಟರ್ ಕೆಟ್ಟಿದೆ ಸಾರ್" ಎಂದು ಮಕ್ಕಳು ಹೇಳುವುದು ಬಹಳ ಸಲ ಇದಕ್ಕೇ. ತಿರುಗುಮುರುಗು ಮಾಡಿ ಅಮ್ಮೀಟರನ್ನೇ ಸೆಲ್‌ನ ಎರಡು ತುದಿಗೆ ಹಿಡಿದರೆ ಆಗ ನಿಜವಾಗಿಯೂ ಕೆಡುತ್ತದೆ. ರೀಡಿಂಗ್ ಬರೆದ ತಕ್ಷಣ ಸ್ವಿಚ್ ಆರಿಸಬೇಕು. ಬರೆಯುತ್ತಾ ಮಾತಾಡುತ್ತಾ ಅರ್ಧ ಆಂಪಿಯರ್ ಹರಿಯಬಿಟ್ಟರೆ ಪೀರಿಯಡ್ ಮುಗಿಯುವಷ್ಟರಲ್ಲಿ ಸೆಲ್‌ಗಳ ಜೀವ ಅರೆಯಾಗಿರುತ್ತದೆ.

ತಂತಿಯ ಬದಲು ಟಾರ್ಚ್ ಬಲ್ಬ್ ಹಾಕಿ ಕೈತೊಳೆದುಕೊಳ್ಳುವುದೂ ಉಂಟು. ಹಳೆಯ ಬಗೆಯ ಬಲ್ಬಿನ ಟಂಗ್‌ಸ್ಟನ್ ತಂತು ತಣ್ಣಗಿದ್ದಾಗ ಇರುವ ರೋಧಕ್ಕೂ ಬೆಳ್ಳಗೆ ಉರಿಯುವಾಗಿನ ರೋಧಕ್ಕೂ ಹಲವು ಪಟ್ಟು ವ್ಯತ್ಯಾಸ. ಗ್ರಾಫ್ ಬಾಗುತ್ತದೆ. ಆಗ ಶಿಕ್ಷಕರೂ ಮಕ್ಕಳೂ ಸೇರಿ ಚುಕ್ಕೆಗಳನ್ನು "ಸರಿ" ಮಾಡುತ್ತಾರೆ. ಸರಿಯಾದ ಅಳತೆಯನ್ನು ತಪ್ಪು ಮಾಡುವುದು ಅಂದರೆ ಇದು. ಬಾಗಿದ ಗ್ರಾಫ್ ಹಾಗೇ ಇರಲಿ, ಪಕ್ಕದಲ್ಲಿ ನೈಕ್ರೋಮ್‌ನ ನೇರ ಗ್ರಾಫ್ ಇರಲಿ. ತಾಪ ಬದಲಾಗದಿದ್ದರೆ ಎಂಬ ಷರತ್ತು ಪಠ್ಯದಲ್ಲಿ ಯಾಕಿದೆ ಎಂದು ವಿವರಿಸಲು ಬೇರೆ ಪಾಠವೇ ಬೇಡ.

ಮುಳ್ಳಿನ ಮೀಟರುಗಳ ಬದಲು ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಹಳದಿ ಡಿಜಿಟಲ್ ಮಲ್ಟಿಮೀಟರ್ ಬಳಸುವುದಕ್ಕೆ ನಮ್ಮ ವಿರೋಧವಿಲ್ಲ, ಆದರೆ ಅದರ ಚಾಳಿ ತಿಳಿದಿರಬೇಕು. ಈ ಪ್ರಯೋಗದ ಪ್ರವಾಹ 200 ಮಿಲಿಆಂಪಿಯರ್ ದಾಟುವುದರಿಂದ ಕೆಂಪು ಪ್ರೋಬ್ 10 ಆಂಪಿಯರ್ ತೂತಿನಲ್ಲಿರಬೇಕು. ಮಿಲಿಆಂಪಿಯರ್ ತೂತಿನಲ್ಲೇ ಬಿಟ್ಟರೆ ಒಳಗಿನ ಫ್ಯೂಸ್ ಹೋಗುತ್ತದೆ. ವೋಲ್ಟ್ ಮಾತ್ರ ಎಂದಿನಂತೆ ತೋರಿಸುತ್ತಿರುವುದರಿಂದ ಮೀಟರ್ ಕೆಟ್ಟಿರುವುದು ಮುಂದಿನ ವರ್ಷದವರೆಗೂ ಯಾರಿಗೂ ತಿಳಿಯುವುದಿಲ್ಲ. ಪ್ರವಾಹ ಅಳೆದ ಮೇಲೆ ಪ್ರೋಬನ್ನು ವೋಲ್ಟ್ ತೂತಿಗೆ ಬದಲಿಸದೆ ಸೆಲ್‌ಗೆ ಹಿಡಿದರೆ ಅದು ನೇರ ಶಾರ್ಟ್. ಇನ್ನೊಂದು, ಒಳಗಿನ 9 ವೋಲ್ಟ್ ಬ್ಯಾಟರಿ ಇಳಿದಾಗ ಇಂಥ ಮೀಟರುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ. ಹೊಸ ಸೆಲ್ 1.8 ವೋಲ್ಟ್ ಎಂದರೆ ಸೆಲ್ ಬಲಶಾಲಿ ಎಂದುಕೊಳ್ಳಬೇಡಿ, ಮೀಟರಿನ ಬ್ಯಾಟರಿ ಬದಲಿಸಿ. 230 ವೋಲ್ಟ್ ಪ್ಲಗ್‌ಗೆ ಮಕ್ಕಳ ಕೈಯಲ್ಲಿ ಯಾವ ಮೀಟರೂ ಹೋಗಕೂಡದು. ಇದರಲ್ಲಿ ಚೌಕಾಸಿ ಇಲ್ಲ.

ತಪ್ಪು ರೀಡಿಂಗ್‌ಗೆ ಯಾಕೆ ಅಂಕ ಕೊಡಬೇಕು ಎಂಬುದಕ್ಕೆ ಲೋಲಕದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ದಾರದ ಗಂಟಿನಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇದ್ದರೆ 20 ಆಂದೋಲನಕ್ಕೆ 40.2 ಸೆಕೆಂಡ್ ಬೇಕು. ಬೆಂಗಳೂರಿನಲ್ಲಿ g, ಅಂದರೆ ಗುರುತ್ವ ವೇಗೋತ್ಕರ್ಷದ ಬೆಲೆ, 9.78; ಪುಸ್ತಕದ 9.8ಕ್ಕೆ ಹೆಚ್ಚೇನೂ ದೂರವಿಲ್ಲ. ಆದರೆ ಮೊದಲ ಸಲ ಮಾಡುವ ಗುಂಪುಗಳಲ್ಲಿ 10.8ರ ಆಸುಪಾಸು ಬಂದರೆ ಆಶ್ಚರ್ಯಪಡಬೇಕಿಲ್ಲ. ಗುಂಡನ್ನು ಬಿಡುವಾಗಲೇ "ಒಂದು" ಎಂದು ಎಣಿಸಿರುತ್ತಾರೆ. ಇಪ್ಪತ್ತು ಎಂದಾಗ ಆಗಿರುವುದು ಹತ್ತೊಂಬತ್ತೇ. ಸಮಯ 38.2 ಸೆಕೆಂಡ್, ಅದನ್ನು ಇಪ್ಪತ್ತರಿಂದ ಭಾಗಿಸಿದರೆ 1.91, ಅದರ ವರ್ಗದಿಂದ g ತೆಗೆದರೆ 10.8. ಬಿಡುವಾಗ "ಸೊನ್ನೆ" ಎಂದರೆ ರೋಗ ವಾಸಿ. ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಕೊಕ್ಕೆಯವರೆಗೆ ಮಾತ್ರ ಅಳೆದರೆ ಒಂದು ಸೆಂಟಿಮೀಟರ್ ಕಡಿಮೆ ಬಂದು g ಬೆಲೆಯೂ ನೂರಕ್ಕೆ ಒಂದರಷ್ಟು ಇಳಿಯುತ್ತದೆ. ಗುಂಡನ್ನು ಬಹಳ ದೂರ ಎಳೆದು, ಅಂದರೆ 30 ಡಿಗ್ರಿಯಷ್ಟು ಎಳೆದು ಬಿಟ್ಟರೆ ಆಂದೋಲನದ ಸಮಯ ನೂರಕ್ಕೆ ಸುಮಾರು 1.7ರಷ್ಟು ಹಿಗ್ಗುತ್ತದೆ, 10 ಡಿಗ್ರಿಯ ಒಳಗಿದ್ದರೆ ಚಿಂತೆಯಿಲ್ಲ. ಉತ್ತರ ನೋಡಿದರೇ ತಪ್ಪು ಎಲ್ಲಾಗಿದೆ ಎಂದು ಹೇಳಬಹುದು, ಯಾಕೆಂದರೆ ಒಂದೊಂದು ತಪ್ಪೂ ತನ್ನದೇ ಅಂಕಿಯನ್ನು ಬಿಟ್ಟುಹೋಗುತ್ತದೆ. 10.8ನ್ನು ಅಳಿಸಿ 9.8 ಎಂದು ಬರೆದ ಹಾಳೆಯಿಂದ ಯಾರಿಗೂ ಏನೂ ಹೇಳಲಾಗದು. ಹತ್ತಕ್ಕೆ ಹತ್ತು ಅಂಕ ಮಾತ್ರ ಆ ಹಾಳೆಗೇ ಸಿಗುತ್ತದೆ.

ಬೆಳಕಿನ ಪಾಠದಲ್ಲಿ ಅಷ್ಟು ತೊಡಕಿಲ್ಲ. ಪೀನ ಮಸೂರದ ಸಂಗಮ ದೂರ ತೆಗೆಯಲು "ದೂರದ ವಸ್ತು" ಎನ್ನುತ್ತೇವೆ, ಎಷ್ಟು ದೂರ ಎನ್ನುವುದಿಲ್ಲ. 10 ಸೆಂಟಿಮೀಟರ್ ಸಂಗಮ ದೂರದ ಮಸೂರಕ್ಕೆ 5 ಮೀಟರ್ ಆಚೆಯ ಮರವಾದರೆ ಬಿಂಬ 10.2ರಲ್ಲಿ ಬೀಳುತ್ತದೆ, ಒಂದು ಮೀಟರ್ ದೂರದ ಕಿಟಕಿ ಸರಳಾದರೆ 11.1ರಲ್ಲಿ. ಮೇಜಿನ ಮೇಲಿನ ಪ್ರಯೋಗದಲ್ಲಿ ಮೇಣದಬತ್ತಿ ಬೇಡ, ಉರಿದಂತೆಲ್ಲ ಜ್ವಾಲೆ ಕೆಳಗಿಳಿದು ಬಿಂಬ ಪರದೆಯಿಂದ ಜಾರುತ್ತದೆ, ಫ್ಯಾನ್ ಆರಿಸಿದರೆ ಮಕ್ಕಳು ಬೆವರುತ್ತಾರೆ. ರಟ್ಟಿನಲ್ಲಿ ಬಾಣದ ಗುರುತು ಕತ್ತರಿಸಿ ಹಿಂದೆ ಎಲ್‌ಇಡಿ ಟಾರ್ಚ್ ಇಡಿ. ಬಾಣಕ್ಕೂ ಪರದೆಗೂ 50 ಸೆಂಟಿಮೀಟರ್ ಬಿಟ್ಟು ಮಸೂರವನ್ನು ಮೆಲ್ಲಗೆ ಸರಿಸಿದರೆ ಬಾಣದಿಂದ 13.8ರಲ್ಲಿ ದೊಡ್ಡ ಬಿಂಬ, 36.2ರಲ್ಲಿ ಚಿಕ್ಕ ಬಿಂಬ. ಅದೇ ಅಂತರವನ್ನು 35ಕ್ಕೆ ಇಳಿಸಿದರೆ ಎಲ್ಲಿಟ್ಟರೂ ಬಿಂಬ ಬೀಳುವುದಿಲ್ಲ, ಯಾಕೆಂದರೆ ಸಂಗಮ ದೂರದ ನಾಲ್ಕು ಪಟ್ಟಾದರೂ ಅಂತರ ಬೇಕು. ಮಸೂರ ಸರಿಯಿಲ್ಲವೆಂದು ಬೀರುವಿಗೆ ವಾಪಸು ಹೋಗುವುದು ಹೀಗೆ.

ಮಸೂರವೇ ಇಲ್ಲದ ಶಾಲೆಗೆ ಮನೆಯ ಚಾಳೀಸು ಸಾಕು. ಪ್ಲಸ್ ಎರಡರ ಗಾಜು ಕಿಟಕಿಯಾಚೆಯ ದೃಶ್ಯವನ್ನು 50 ಸೆಂಟಿಮೀಟರಿನಲ್ಲಿ ಗೋಡೆಗೆ ಬೀಳಿಸುತ್ತದೆ, ಅಂಥ ಎರಡನ್ನು ಒತ್ತಿ ಹಿಡಿದರೆ 25ರಲ್ಲಿ. ಕನ್ನಡಕದ ಪವರ್ ಹೇಳುವ ಡಯಾಪ್ಟರ್ ಲೆಕ್ಕ ಅಷ್ಟೇ. ಮೈನಸ್ ಕನ್ನಡಕದಲ್ಲಿ ಬಿಂಬ ಹುಡುಕಿ ಸುಸ್ತಾಗುವ ಮಗು ನಿಮ್ನ ಮಸೂರವನ್ನು ಮರೆಯುವುದಿಲ್ಲ. ಯಾವ ಮಸೂರದ ಮೂಲಕವೂ ಸೂರ್ಯನನ್ನು ನೋಡಬಾರದು ಎಂಬುದನ್ನು ಮಾತ್ರ ಪ್ರತಿ ಸಲವೂ ಹೇಳಬೇಕು.

ಗಾಜಿನ ಪಟ್ಟಿಯ ಪ್ರಯೋಗದಲ್ಲಿ ಗುಂಡುಸೂಜಿಗಳ ತಲೆ ನೋಡುವ ಬದಲು ಬುಡ ನೋಡಬೇಕು, ಎರಡು ಸೂಜಿಗಳ ನಡುವೆ ಕನಿಷ್ಠ 5 ಸೆಂಟಿಮೀಟರ್ ಇರಬೇಕು. ಬೆಳಕು ಗಾಜಿಗೆ ಬೀಳುವ ಕೋನ 30 ಡಿಗ್ರಿಯಾದರೆ ಒಳಗೆ ಬಾಗಿದ ಮೇಲಿನ ವಕ್ರಿಮ ಕೋನ 19.5, 60ಕ್ಕೆ 35.3. ಕೋನಗಳನ್ನೇ ಭಾಗಿಸಿದರೆ 1.54, 1.70, ಎರಡೂ ಬೇರೆ. ಸೈನ್‌ಗಳನ್ನು ಭಾಗಿಸಿದರೆ ಎರಡು ಸಲವೂ 1.5. ಸೈನ್ ಎಲ್ಲಿಂದ ಬಂತು ಎಂದು ಕೇಳುವ ಮಗುವಿಗೆ ಇದಕ್ಕಿಂತ ನೇರ ಉತ್ತರವಿಲ್ಲ, ಹಾಗಾಗಿ 30 ಡಿಗ್ರಿಯೊಂದನ್ನೇ ಮಾಡಿ ನಿಲ್ಲಿಸಬೇಡಿ.

ಕಾಂತದ ಪಾಠಕ್ಕೆ ಬಂದರೆ, 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್‌ಸ್ಟೆಡ್ ಕಂಡದ್ದನ್ನು, ಅಂದರೆ ಪ್ರವಾಹ ಹರಿಯುವ ತಂತಿ ಕಾಂತದ ಸೂಜಿಯನ್ನು ಹೊರಳಿಸುವುದನ್ನು, ತೋರಿಸಲು ಒಂದು ದಿಕ್ಸೂಚಿ, ಒಂದು ತಂತಿ ಸಾಕು ಎನ್ನುತ್ತದೆ ಪುಸ್ತಕ. ತಂತಿಯನ್ನು ಯಾವ ದಿಕ್ಕಿಗೆ ಹಿಡಿಯಬೇಕು ಎಂಬುದರಲ್ಲೇ ಎಲ್ಲ ಇದೆ. ಉತ್ತರ-ದಕ್ಷಿಣವಾಗಿ, ಸೂಜಿಗೆ ಸಮನಾಗಿ ಅದರ ಮೇಲೆ ಹಿಡಿದರೆ ಸೂಜಿ ಹೊರಳುತ್ತದೆ. ಪೂರ್ವ-ಪಶ್ಚಿಮವಾಗಿ ಹಿಡಿದರೆ ತಂತಿಯ ಕ್ಷೇತ್ರ ಭೂಮಿಯ ಕ್ಷೇತ್ರದ ಸಾಲಿನಲ್ಲೇ ಬರುವುದರಿಂದ ಸೂಜಿ ಅಲುಗದೆ ಕೂರಬಹುದು. ನಮ್ಮ ಭಾಗದಲ್ಲಿ ಭೂಮಿಯ ಅಡ್ಡ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಒಂದು ಆಂಪಿಯರ್ ಹರಿಯುವ ತಂತಿ 2 ಸೆಂಟಿಮೀಟರ್ ದೂರದಲ್ಲಿ ಕೊಡುವುದು 10. ಸೂಜಿ 14 ಡಿಗ್ರಿಯಷ್ಟು ತಿರುಗುತ್ತದೆ, ಹಿಂದಿನ ಬೆಂಚಿಗೆ ಕಾಣದು. ತಂತಿಯನ್ನು ಐದು ಸಲ ಸುತ್ತಿ ಹಿಡಿದರೆ ಕಾಣುತ್ತದೆ. ಕಬ್ಬಿಣದ ಬೆಂಚಿನ ಮೇಲಿಟ್ಟರೆ ಸೂಜಿ ಮೊದಲೇ ಎತ್ತಲೋ ತಿರುಗಿರುತ್ತದೆ. ಮರದ ಸ್ಟೂಲ್ ಹುಡುಕಿ.

ಪುಟ್ಟ ಮೋಟಾರ್ ತಿರುಗದಿರುವುದಕ್ಕೂ ಕಾರಣ ಬಹುತೇಕ ಒಂದೇ. ಮೋಟಾರ್ ವೈಂಡಿಂಗ್ ಅಂಗಡಿಯ 26 ಗೇಜ್ ತಾಮ್ರದ ತಂತಿಯ ಮೇಲೆ ಕಣ್ಣಿಗೆ ಕಾಣದ ಎನಾಮಲ್ ಲೇಪ ಇರುತ್ತದೆ. ಹತ್ತರಿಂದ ಹದಿನೈದು ಸುತ್ತಿನ ಸುರುಳಿ ಮಾಡಿ, ಒಂದು ತುದಿಯಲ್ಲಿ ಲೇಪವನ್ನು ಸುತ್ತಲೂ ಕೆರೆಯಬೇಕು, ಇನ್ನೊಂದು ತುದಿಯಲ್ಲಿ ಒಂದು ಮಗ್ಗುಲು ಮಾತ್ರ. ಎರಡೂ ತುದಿಯನ್ನು ಪೂರ್ತಿ ಕೆರೆದರೆ ಅರ್ಧ ಸುತ್ತಿಗೊಮ್ಮೆ ತಳ್ಳುವಿಕೆ ತಿರುಗುಮುರುಗಾಗಿ ಸುರುಳಿ ನಿಂತಲ್ಲೇ ನಡುಗುತ್ತದೆ. ಎರಡು ಪಿನ್ನು, ಹಾಳಾದ ಸ್ಪೀಕರಿನ ಕಾಂತ, ಒಂದು ಸೆಲ್: ಅಷ್ಟೇ ಸಾಮಾನು. ಸುರುಳಿಯೊಳಗೆ ಕಾಂತ ಆಡಿಸಿ ಪ್ರವಾಹ ಹುಟ್ಟಿಸುವ ವಿದ್ಯುತ್ಕಾಂತೀಯ ಪ್ರೇರಣೆಗೆ ಮಾತ್ರ ಈ ಸುರುಳಿ ಸಾಲದು, ಮುನ್ನೂರು ಸುತ್ತಾದರೂ ಬೇಕು. ಮತ್ತು ಅಲ್ಲಿ ಡಿಜಿಟಲ್ ಮೀಟರ್ ಕೆಲಸಕ್ಕೆ ಬಾರದು. ಅದು ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ, ಕಾಂತ ಒಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಳೆಯ ಮುಳ್ಳಿನ ಗ್ಯಾಲ್ವನೋಮೀಟರನ್ನು ಗುಜರಿಗೆ ಹಾಕಬೇಡಿ.

ಇನ್ನು ಬೀರುವಿನ ವಿಚಾರ. ಬೀರು ಬೀಗ ಹಾಕಿಕೊಂಡಿರುವುದಕ್ಕೆ ಸೋಮಾರಿತನವೇ ಕಾರಣ ಎಂದು ಹೊರಗಿನವರು ತಿಳಿಯುತ್ತಾರೆ. ಮಸೂರ ಒಡೆದರೆ ದಾಸ್ತಾನು ವಹಿಯ ಮುಂದೆ ಉತ್ತರ ಕೊಡಬೇಕಾದವರು ಶಿಕ್ಷಕರು. ವರ್ಗವಾಗಿ ಹೋಗುವಾಗ ಚಾರ್ಜ್ ಕೊಡುವ ಹೊತ್ತಿಗೆ ಪಟ್ಟಿಯಲ್ಲಿರುವುದೆಲ್ಲ ಬೀರುವಿನಲ್ಲಿರಬೇಕು. ಬಳಸದ ಸಾಮಾನು ಒಡೆಯುವುದಿಲ್ಲ. ಆದ್ದರಿಂದ ಆಯುಕ್ತರಲ್ಲಿ ನಮ್ಮ ಸ್ಪಷ್ಟ ಕೋರಿಕೆ: ಗಾಜಿನ ಸಾಮಾನು, ಸೆಲ್, ತಂತಿ, ಬಲ್ಬ್, ಫ್ಯೂಸ್ ಇವನ್ನು ಸವೆಯುವ ಸಾಮಾನು ಎಂದು ಘೋಷಿಸಿ, ವರ್ಷಕ್ಕೊಮ್ಮೆ ಮುಖ್ಯ ಶಿಕ್ಷಕರ ಸಹಿಯಲ್ಲೇ ವಹಿಯಿಂದ ಕಡಿಮೆ ಮಾಡಲು ಅವಕಾಶ ಕೊಡಿ. ಇದಕ್ಕೆ ಒಂದು ರೂಪಾಯಿ ಅನುದಾನವೂ ಬೇಕಿಲ್ಲ, ಒಂದು ಪುಟದ ಆದೇಶ ಸಾಕು. ಇಡೀ ಪತ್ರದಲ್ಲಿ ನೀವು ಒಂದನ್ನೇ ಒಪ್ಪುವುದಾದರೆ ಇದನ್ನೇ ಒಪ್ಪಿ ಎನ್ನುತ್ತೇವೆ.

ಬೀಗ ತೆಗೆದ ಮೇಲೆ ಒಳಗಿನದು ಕೆಲಸ ಮಾಡಬೇಕಲ್ಲ. ರಜೆಗೆ ಮುಂಚೆ ಎಲ್ಲ ಉಪಕರಣದಿಂದ ಸೆಲ್ ತೆಗೆಯಿರಿ. ಬೇಸಿಗೆಯಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟುತ್ತದೆ. ದಂಡಕಾಂತಗಳನ್ನು ಜೋಡಿ ಮಾಡಿ, ವಿರುದ್ಧ ಧ್ರುವಗಳು ಅಕ್ಕಪಕ್ಕ ಬರುವಂತೆ, ತುದಿಗಳಿಗೆ ಮೆದು ಕಬ್ಬಿಣದ ತುಂಡು ಕಚ್ಚಿಸಿ ಇಡಿ. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಮಳೆಗಾಲಕ್ಕೆ ಮಸೂರಗಳ ಮೇಲೆ ಬೂಷ್ಟು ಹಿಡಿಯುತ್ತದೆ, ಸೋಪಿನ ನೀರಲ್ಲಿ ತೊಳೆದು ಒರೆಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಶ್ರುತಿಕವೆಯನ್ನು ಮೇಜಿಗೆ ಬಡಿಯದೆ ರಬ್ಬರ್ ಚಪ್ಪಲಿಯ ಹಿಮ್ಮಡಿಗೆ ಬಡಿಯಿರಿ.

ನಲವತ್ತು ಮಕ್ಕಳ ತರಗತಿಗೆ ಐದೈದು ಮಕ್ಕಳ ಎಂಟು ಗುಂಪು. ಎಂಟು ಮಲ್ಟಿಮೀಟರ್, ನಾಲ್ಕು ಸೆಲ್ ಹಿಡಿಯುವ ಎಂಟು ಹೋಲ್ಡರ್, ಮೂವತ್ತೆರಡು ಸೆಲ್, ಎರಡು ಕಾಯಿಲ್, ಎಂಟು ಮಸೂರ, ಎಂಟು ದಿಕ್ಸೂಚಿ, ಕಾಲು ಕೆಜಿ ಎನಾಮಲ್ ತಂತಿ, ಕ್ರೊಕೊಡೈಲ್ ಕ್ಲಿಪ್. ಪ್ರತಿ ವರ್ಷ ಹೊಸದಾಗಿ ಬೇಕಾಗುವುದು ಸೆಲ್ ಮತ್ತು ತಂತಿ ಮಾತ್ರ. ಶಾಲಾ ಅನುದಾನ ಬಂದಾಗ ಶೌಚಾಲಯದ ನಲ್ಲಿಯಿಂದ ಸೀಮೆಸುಣ್ಣದವರೆಗೆ ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ, ಸೆಲ್‌ನ ಸರದಿ ಬರುವುದಿಲ್ಲ. ಅದಕ್ಕೇ ಪ್ರತ್ಯೇಕ ಶೀರ್ಷಿಕೆಯಲ್ಲಿ, ಚಿಕ್ಕ ಮೊತ್ತವಾದರೂ ಸರಿ, ಜೂನ್ ತಿಂಗಳಲ್ಲೇ ಬರಲಿ. ಮಕ್ಕಳು ತಾವೇ ಉಪಕರಣ ಮಾಡಿ ಕಲಿಯಲೆಂದು ಶಾಲೆಗಳಲ್ಲಿರುವ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಆ ಕೋಣೆ ಇರುವ ಶಾಲೆಗಳು ಅಲ್ಲಿನ ಮೀಟರುಗಳನ್ನು ದಿನನಿತ್ಯದ ವಿಜ್ಞಾನ ಪೀರಿಯಡ್‌ಗೂ ಬಿಟ್ಟುಕೊಡಲಿ. ತ್ರಿಡಿ ಪ್ರಿಂಟರ್ ಪಕ್ಕದ ಕೋಣೆಯಲ್ಲಿದ್ದು ಈ ಕೋಣೆಯಲ್ಲಿ ಓಮ್‌ನ ನಿಯಮ ಕಪ್ಪುಹಲಗೆಯ ಮೇಲೆ ನಡೆಯುವುದು ಚೆನ್ನಾಗಿರುವುದಿಲ್ಲ.

ಮುಖ್ಯ ಶಿಕ್ಷಕರಿಗೆ ಗೊತ್ತಿರುವ ಇನ್ನೊಂದು ಸಂಗತಿ. ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಓದಿ ಬಂದವರ ಪೀರಿಯಡ್‌ಗಳನ್ನು ಗಣಿತ ನುಂಗಿಹಾಕುತ್ತದೆ, ಭೌತವಿಜ್ಞಾನ ಹಲವು ಕಡೆ ಸಿಬಿಝಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಓದಿದವರ ಪಾಲಿಗೆ ಬರುತ್ತದೆ. ಅವರು ಕಲಿಸಲಾರರು ಎಂದಲ್ಲ. ಡಿಗ್ರಿಯಲ್ಲಿ ಅಮ್ಮೀಟರ್ ಮುಟ್ಟುವ ಸಂದರ್ಭವೇ ಅವರಿಗೆ ಬಂದಿರುವುದಿಲ್ಲ. ತರಬೇತಿ ಎಂದರೆ ಸ್ಲೈಡ್ ತೋರಿಸುವುದು ಬೇಡ. ತಾಲ್ಲೂಕಿನ ಯಾವುದಾದರೂ ಶಾಲೆಯಲ್ಲಿ ಒಂದು ಇಡೀ ದಿನ, ಮೇಲೆ ಹೇಳಿದ ಆರೇಳು ಪ್ರಯೋಗಗಳನ್ನು ಬೇಕೆಂದೇ ತಪ್ಪಾಗಿ ಜೋಡಿಸಿಟ್ಟು ಸರಿಪಡಿಸಲು ಕೊಡಿ. ಪಾಠ ಹೇಳುವಾಗ ಕೈ ಹಿಂಜರಿಯುವುದು ಸರಿಯಾದ ಜೋಡಣೆ ಗೊತ್ತಿಲ್ಲದ್ದಕ್ಕಲ್ಲ, ಕೆಟ್ಟಾಗ ಎಲ್ಲಿ ನೋಡಬೇಕು ಎಂದು ಗೊತ್ತಿಲ್ಲದ್ದಕ್ಕೆ.

ತಂದೆ-ತಾಯಂದಿರೇ, ಪ್ರಯೋಗಾಲಯದ ಅರ್ಧ ನಿಮ್ಮ ಮನೆಯಲ್ಲೇ ಇದೆ. ಕರೆಂಟ್ ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ, 3200 ಎಂದಿದೆ ಎಂದುಕೊಳ್ಳಿ. ಉಳಿದದ್ದೆಲ್ಲ ಆರಿಸಿ 1000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ ಮಾತ್ರ ಹಾಕಿದರೆ ನಿಮಿಷಕ್ಕೆ 53 ಮಿಣುಕು ಬರಬೇಕು. ಕಡಿಮೆ ಬಂದರೆ ಗಾಬರಿ ಬೇಡ, ಕಾದ ಮೇಲೆ ಇಸ್ತ್ರಿ ತಾನೇ ಆಫ್ ಆಗಿರುತ್ತದೆ. ಹಾಕಿದ ಮೊದಲ ಅರ್ಧ ನಿಮಿಷದಲ್ಲೇ ಎಣಿಸಬೇಕು. 9 ವ್ಯಾಟ್ ಎಲ್‌ಇಡಿ ಬಲ್ಬ್ ಒಂದೇ ಉರಿಯುತ್ತಿದ್ದರೆ ಎರಡು ಮಿಣುಕುಗಳ ನಡುವೆ 125 ಸೆಕೆಂಡ್ ಕಾಯಬೇಕು. ಗೃಹಜ್ಯೋತಿಯ ಶೂನ್ಯ ಬಿಲ್ಲಿನಲ್ಲೂ ಬಳಸಿದ ಯೂನಿಟ್ ಇರುತ್ತದೆ, ಬಿಲ್ಲನ್ನು ಮಗುವಿನ ಕೈಗೆ ಕೊಡಿ. ಕಣ್ಣಲ್ಲಿ ಎಣಿಸುವುದಷ್ಟೇ, ಮೀಟರ್ ಪೆಟ್ಟಿಗೆಗೆ ಕೈ ಹಾಕಬಾರದು.

ಮೊಬೈಲ್ ಕಿತ್ತುಕೊಳ್ಳುವ ಬದಲು ವಾರಕ್ಕೊಂದು ಗಂಟೆ ಹೀಗೆ ಬಳಸಲು ಬಿಡಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಆ್ಯಪ್ ಉಚಿತ. ಅದರಲ್ಲಿ ಶಬ್ದ ಕೇಳಿ ಓಡುವ, ಶಬ್ದ ಕೇಳಿ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನ್ 5 ಮೀಟರ್ ದೂರದಲ್ಲಿಡಿ. ಮೊದಲ ಫೋನಿನ ಪಕ್ಕ ಒಬ್ಬರು ಚಪ್ಪಾಳೆ ತಟ್ಟಲಿ, ಎರಡೂ ಓಡುತ್ತವೆ. ಆಮೇಲೆ ಎರಡನೆಯದರ ಪಕ್ಕ ಇನ್ನೊಬ್ಬರು ತಟ್ಟಲಿ, ಎರಡೂ ನಿಲ್ಲುತ್ತವೆ. ಎರಡು ಸಮಯಗಳ ವ್ಯತ್ಯಾಸ ಶಬ್ದ 10 ಮೀಟರ್ ಹೋಗಲು ಬೇಕಾದ ಹೊತ್ತು, ಸುಮಾರು 0.029 ಸೆಕೆಂಡ್. ಭಾಗಿಸಿದರೆ 345ರ ಹತ್ತಿರ ಬರುತ್ತದೆ. ಗದ್ದಲದ ಬಯಲಿನಲ್ಲಿ ಸ್ಟಾಪ್‌ವಾಚ್ ತಾನಾಗಿ ಓಡಿಬಿಡುತ್ತದೆ. ಎಷ್ಟು ಜೋರಿಗೆ ಓಡಬೇಕು ಎಂಬ ಮಟ್ಟವನ್ನು ಏರಿಸಿಕೊಳ್ಳಬೇಕು.

ಬಿಸಿಲಿಗೆ ಬನ್ನಿ. ಪುಟ್ಟ ಕನ್ನಡಿಗೆ 5 ಮಿಲಿಮೀಟರ್ ತೂತಿನ ಕಾಗದ ಅಂಟಿಸಿ, ಬಿಸಿಲನ್ನು ಕತ್ತಲೆ ಕೋಣೆಯ ಗೋಡೆಗೆ ಹಾಯಿಸಿ. 10 ಮೀಟರ್ ದೂರಕ್ಕೆ ಸುಮಾರು 9.3 ಸೆಂಟಿಮೀಟರಿನ ದುಂಡು ಬೀಳುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಚೌಕ ತೂತು ಮಾಡಿದರೂ ದುಂಡೇ. ದೂರ 15 ಕೋಟಿ ಕಿಲೋಮೀಟರ್ ಎಂದು ಹಿಡಿದರೆ ಸೂರ್ಯನ ವ್ಯಾಸ 14 ಲಕ್ಷ ಕಿಲೋಮೀಟರ್ ಎಂದು ಹತ್ತನೇ ತರಗತಿಯ ಸಮರೂಪ ತ್ರಿಭುಜಗಳಿಂದಲೇ ಬರುತ್ತದೆ. ಗಣಿತದ ಮೇಷ್ಟ್ರನ್ನೂ ಕರೆಯಿರಿ.

ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗೆ ನಿಂತದ್ದಕ್ಕೆ ನೆರಳೇ ಬೀಳದ ಶೂನ್ಯ ನೆರಳಿನ ದಿನ ಬೆಂಗಳೂರು, ಮಂಗಳೂರಿನ ಸಾಲಿಗೆ ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಬರುತ್ತದೆ. ಉತ್ತರಕ್ಕೆ ಹೋದಂತೆ ಬೇಸಿಗೆಯದು ಮೇ ತಿಂಗಳಿಗೆ ಸರಿಯುತ್ತದೆ, ಮಳೆಗಾಲದ್ದು ಹಿಂದಕ್ಕೆ ಬರುತ್ತದೆ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಮೋಡ ಸರಿದರೆ ಬೆಂಗಳೂರಿನಲ್ಲಿ ಆಗಸ್ಟ್‌ನ ಆ ಗಳಿಗೆ 12 ಗಂಟೆ 24 ನಿಮಿಷದ ಹತ್ತಿರ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಇರುವುದು 77.6ರಲ್ಲಿ, ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಇಪ್ಪತ್ತು ನಿಮಿಷ, ಉಳಿದ ನಾಲ್ಕು ನಿಮಿಷ ಭೂಮಿಯ ಕಕ್ಷೆ ಮತ್ತು ಓರೆಯ ಲೆಕ್ಕ. ಆ ದಿನವೇ ಆಗಬೇಕೆಂದೂ ಇಲ್ಲ. ಪಿವಿಸಿ ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದು ಗಂಟೆವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿದರೆ ಯಾವ ದಿನವಾದರೂ ಊರಿನ ನಿಜವಾದ ಮಧ್ಯಾಹ್ನ ಸಿಗುತ್ತದೆ. ಬಿಸಿಯೂಟಕ್ಕೆ ತೊಂದರೆಯಾಗದ ಹಾಗೆ ಪಾಳಿ ಮಾಡಿಕೊಳ್ಳಬೇಕು, ಅಷ್ಟೇ.

ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರು ತಾರಾಲಯ, ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಪ್ರವಾಸ ಹೋಗುವುದು ಒಳ್ಳೆಯದೇ. ಎಲ್ಲ ಮಹಡಿ ಹತ್ತಿಸಿ ಇಳಿಸುವುದಕ್ಕಿಂತ ಒಂದು ಗುಂಪು ಒಂದೇ ಮಾದರಿಯ ಮುಂದೆ ಅರ್ಧ ಗಂಟೆ ನಿಂತು ಏನಾದರೂ ಅಳೆದು ಬರಲಿ.

ಪರೀಕ್ಷಾ ಮಂಡಳಿಗೆ ಎರಡು ಮಾದರಿ ಪ್ರಶ್ನೆ. ಒಂದು: "ಒಂದು ಮೀಟರ್ ಉದ್ದದ ಲೋಲಕದಿಂದ ಒಂದು ಗುಂಪಿಗೆ g ಬೆಲೆ 10.8 ಬಂದಿದೆ. 20 ಆಂದೋಲನಕ್ಕೆ ಅವರು ಬರೆದ ಸಮಯ 38.2 ಸೆಕೆಂಡ್. ತಪ್ಪು ಉದ್ದದಲ್ಲೋ, ಎಣಿಕೆಯಲ್ಲೋ? ಲೆಕ್ಕ ಸಹಿತ ತೋರಿಸಿ." ಎರಡು: "ನಾಲ್ಕು ಸೆಲ್‌ಗಳ ಮಂಡಲದಲ್ಲಿ ವೋಲ್ಟ್‌ಮೀಟರ್ 6.2 ತೋರಿಸುತ್ತಿದೆ, ಅಮ್ಮೀಟರ್ ಸೊನ್ನೆ. ಎರಡು ಮೀಟರುಗಳೂ ಸರಿಯಿವೆ. ಮಂಡಲವನ್ನು ಹೇಗೆ ಜೋಡಿಸಿರಬಹುದು? ಚಿತ್ರ ಬರೆಯಿರಿ." ಇವಕ್ಕೆ ಗೈಡಿನಲ್ಲಿ ಉತ್ತರ ಸಿಗುವುದು ಒಂದು ವರ್ಷ ಮಾತ್ರ ತಡವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ನಿಜ. ಆದರೆ ತಪ್ಪುಗಳು ನೂರಾರು ಬಗೆ, ಪ್ರತಿ ವರ್ಷ ಬೇರೆಯದನ್ನು ಕೇಳಬಹುದು. ಅವನ್ನೆಲ್ಲ ಬಾಯಿಪಾಠ ಮಾಡುವುದಕ್ಕಿಂತ ಪ್ರಯೋಗ ಮಾಡುವುದೇ ಸುಲಭವಾದೀತು. ಆಂತರಿಕ ಅಂಕಗಳಲ್ಲಿ ಎಲ್ಲರಿಗೂ ಪೂರ್ತಿ ಕೊಟ್ಟುಬಿಡುತ್ತಾರೆ ಎಂಬ ಇನ್ನೊಂದು ಆಕ್ಷೇಪಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಮೇಜಿನ ಬಳಿಯೇ ಪೆನ್ನಿನಲ್ಲಿ ಬರೆದ, ದಿನಾಂಕ ಮತ್ತು ಗುಂಪಿನವರ ಸಹಿ ಇರುವ ಕಚ್ಚಾ ಹಾಳೆಯನ್ನು ಪ್ರಯೋಗ ಪುಸ್ತಕಕ್ಕೆ ಅಂಟಿಸುವುದು ಕಡ್ಡಾಯವಾದರೆ, ಎಂಟೂ ಗುಂಪಿನ ಅಂಕಿ ಒಂದೇ ಇದ್ದಾಗ ತಪಾಸಣೆಗೆ ಬಂದವರಿಗೆ ತಕ್ಷಣ ಕಾಣುತ್ತದೆ.

ಮುಂದಿನ ಶೈಕ್ಷಣಿಕ ವರ್ಷದ ಮಾದರಿ ಪ್ರಶ್ನೆಪತ್ರಿಕೆ ಸಿದ್ಧವಾಗುವ ಮುಂಚೆ ಇಂಥ ಮೂವತ್ತು ಪ್ರಶ್ನೆಗಳ ಕರಡನ್ನು, ಒಂದೊಂದಕ್ಕೂ ಮೇಜಿನ ಮೇಲೆ ತೆಗೆದ ರೀಡಿಂಗ್ ಸಹಿತ, ನಾವೇ ಬರೆದು ಕೊಡುತ್ತೇವೆ. ಸಂಭಾವನೆ ಬೇಡ. ಯಾರಿಗೆ ಕಳಿಸಬೇಕು, ಯಾವ ತಾರೀಖಿನ ಒಳಗೆ ಎಂದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಭೌತವಿಜ್ಞಾನ ಕಲಿಸುವ ಪ್ರೌಢಶಾಲಾ ಶಿಕ್ಷಕರು